ಶಾಸಕರ ಕಚೇರಿಯ ಅಹವಾಲು ಬುಕ್: ಊರುವಾರು ಬಿಟ್ಟು ಟೇಬಲ್‌ವಾರು

ಅಹವಾಲನ್ನು ಊರುವಾರು ಬರೆಯಬೇಡಿ, ಕಡತ ಈಗ ಯಾವ ಟೇಬಲ್ ಮೇಲೆ ಕೂತಿದೆಯೋ ಅದರ ಪ್ರಕಾರ ಬರೆಯಿರಿ. ದಾವಣಗೆರೆ ಜಿಲ್ಲೆಯ ಒಂದು ಶಾಸಕರ ಕಚೇರಿಯಲ್ಲಿ ಹತ್ತು ವಾರ ಇಂಟರ್ನ್ ಆಗಿ ನಾನು ಮಾಡಿದ್ದರಲ್ಲಿ ನಿಂತಿದ್ದು ಇದೊಂದೇ. 'ಕಾಲೇಜ್ ಪ್ರಾಜೆಕ್ಟ್ ಎಲ್ಲ ಇಲ್ಲಿ ನಡೆಯಲ್ಲ ತಮ್ಮಾ' ಎಂದಿದ್ದ ಪಿಎ ಸಾಹೇಬರೇ ಏಳನೇ ವಾರಕ್ಕೆ ಫೋನ್ ಬಂದಾಗಲೆಲ್ಲ ಹೀಗೆ ಬರೆದ ನನ್ನ ಹಸಿರು ಬುಕ್ ಕೇಳತೊಡಗಿದರು.

ಮೊದಲು ಕೆಟ್ಟಿದ್ದನ್ನು ಹೇಳಿಬಿಡುತ್ತೇನೆ. ಗೂಗಲ್ ಫಾರ್ಮ್ ಮಾಡಿ ಕ್ಯೂಆರ್ ಪೋಸ್ಟರ್ ಹಾಕಿಸಿದ್ದಕ್ಕೆ ನಾನೂರು ರೂಪಾಯಿ ಹೋಯಿತು. ಮೂರು ವಾರದಲ್ಲಿ ಬಂದಿದ್ದು ಹನ್ನೊಂದು ಅರ್ಜಿ, ಅದರಲ್ಲಿ ಏಳು 'ಕೆಲಸ ಕೊಡಿಸಿ'. ಕೈಯಲ್ಲಿ ಅರ್ಜಿ ಹಿಡಿದು ಬಸ್ ಹತ್ತಿ ಬಂದವರಿಗೆ ಸಾಹೇಬರ ಎದುರು ನಿಲ್ಲಬೇಕು, ಫಾರ್ಮ್ ಬೇಡ. ಆಮೇಲೆ ಹಳೆಯ ಪತ್ರಗಳನ್ನೆಲ್ಲ ಎಕ್ಸೆಲ್‌ಗೆ ಹಾಕಲು ಹೋದೆ. ಅವೆಲ್ಲ ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿದ್ದವು, ಯೂನಿಕೋಡ್‌ನಲ್ಲಿ ಹುಡುಕಿದರೆ ಒಂದೂ ಸಿಗದು. ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಕೂರುತ್ತವೆ. ಒಂದು ವಾರ ಹಾಳು.

ಕೊನೆಗೆ ಇನ್ನೂರು ಪುಟದ ಲಾಂಗ್ ಬುಕ್. ಒಂದೊಂದು ಟೇಬಲ್‌ಗೆ ಹತ್ತು ಹಾಳೆ: ತಾಲ್ಲೂಕು ಕಚೇರಿಯ ಭೂಮಿ ಶಾಖೆ, ಪಿಂಚಣಿ ಶಾಖೆ, ಸರ್ವೆ, ತಾಲ್ಲೂಕು ಪಂಚಾಯಿತಿ, ಬೆಸ್ಕಾಂ ಸೆಕ್ಷನ್ ಆಫೀಸ್, ಹೀಗೆ. ಅರ್ಜಿದಾರರ ಫೋನ್, ಸರ್ವೆ ನಂಬರ್ ಅಥವಾ ಕರೆಂಟ್ ಸಂಪರ್ಕದ ಆರ್‌ಆರ್ ನಂಬರ್, ನಮ್ಮ ಪತ್ರದ ಔಟ್‌ವರ್ಡ್ ನಂಬರ್, ಪತ್ರ ತಲುಪಿದಾಗ ಆ ಕಚೇರಿಯವರು ಹಾಕುವ ಇನ್‌ವರ್ಡ್ ನಂಬರ್, ಹದಿನೈದನೇ ದಿನದ ತಾರೀಖು, ಇಷ್ಟೇ ಕಾಲಂ. ನಾಲ್ಕನೆಯದೇ ಜೀವಾಳ. ಅವರ ಇನ್‌ವರ್ಡ್ ನಂಬರ್ ಇಲ್ಲದ ಪತ್ರಕ್ಕೆ ಫೋನ್ ಮಾಡಿದರೆ 'ಬಂದಿಲ್ಲ ಸರ್' ಎಂಬ ಉತ್ತರ ತಯಾರಿರುತ್ತದೆ. ಕಡತ ಮುಂದೆ ಹೋದರೆ ಹಳೆ ಪುಟದಲ್ಲಿ ಹೊಡೆದು ಹೊಸ ಟೇಬಲ್‌ನ ಪುಟಕ್ಕೆ ಏರಿಸಬೇಕು. ಇದರ ಲಾಭ ಫೋನ್ ಮಾಡುವಾಗ ಗೊತ್ತಾಗುತ್ತದೆ: ಒಬ್ಬ ಗುಮಾಸ್ತರಿಗೆ ವಾರಕ್ಕೊಂದೇ ಕರೆ, ಒಂದೇ ಉಸಿರಿನಲ್ಲಿ ಹದಿನಾಲ್ಕು ಕೇಸು. ಅವರು ಫೋನ್ ಎತ್ತುವ ಹಾಗೆ ಹೇಗೆ ಮಾಡಿಕೊಂಡೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಆ ಕಚೇರಿಗಳಿಗೆ ಹೋಗುವ ಶಾಸಕರ ಪತ್ರದ ಕೊನೆಯ ಸಾಲನ್ನೂ ಬದಲಿಸಿದೆ. 'ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುವುದು' ಎಂದರೆ ಪರಿಶೀಲಿಸಿ ಇಟ್ಟುಕೊಳ್ಳುತ್ತಾರೆ. 'ಕ್ರಮ ಕೈಗೊಂಡ ಬಗ್ಗೆ 15 ದಿನದೊಳಗೆ ಈ ಕಚೇರಿಗೆ ಲಿಖಿತವಾಗಿ ತಿಳಿಸುವುದು' ಎಂದು ಬರೆದರೆ ಕಡತಕ್ಕೆ ಒಂದು ಟಿಪ್ಪಣಿಯಾದರೂ ಬೀಳುತ್ತದೆ. ಬಗರ್ ಹುಕುಂಗೆ, ಅಂದರೆ ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮ ಮಾಡಿಸುವುದಕ್ಕೆ, ಪತ್ರವೇ ವ್ಯರ್ಥ. ಅದನ್ನು ತೀರ್ಮಾನಿಸುವ ಸಮಿತಿಗೆ ಶಾಸಕರೇ ಅಧ್ಯಕ್ಷರು, ತಹಶೀಲ್ದಾರ್ ಸದಸ್ಯ ಕಾರ್ಯದರ್ಶಿ. ತಮ್ಮದೇ ಸಮಿತಿಗೆ ತಾವೇ ಶಿಫಾರಸು ಬರೆಯುವುದೇನು? ಸಕ್ರಮದ ಅರ್ಜಿಯಾದ ನಮೂನೆ 57ರ ಸ್ವೀಕೃತಿ ಜೆರಾಕ್ಸ್ ಇಟ್ಟುಕೊಂಡು, ಮುಂದಿನ ಸಭೆಯ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿದರೆ ಸಾಕು.

ಪಿಂಚಣಿ ನಿಂತಿದೆ ಎಂದು ಬಂದವರಲ್ಲಿ ಅರ್ಧದಷ್ಟು ಜನರಿಗೆ ನಿಂತೇ ಇರಲಿಲ್ಲ. ಯಾರೋ ಹೊಸ ಖಾತೆ ಮಾಡಿಸಿರುತ್ತಾರೆ, ಆಧಾರ್ ಮ್ಯಾಪಿಂಗ್ (ದುಡ್ಡು ಯಾವ ಖಾತೆಗೆ ಬೀಳಬೇಕೆಂಬ ಜೋಡಣೆ) ಅಲ್ಲಿಗೆ ಜಿಗಿದಿರುತ್ತದೆ, ದುಡ್ಡು ಆ ಖಾತೆಯಲ್ಲಿ ಸುಮ್ಮನೆ ಕೂತಿರುತ್ತದೆ. ಅಜ್ಜಿ ಹಳೆ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಲೇ ಇರುತ್ತಾರೆ. ಆಧಾರ್ ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದರೆ ಎರಡು ನಿಮಿಷದ ಕೆಲಸ, ಆದರೆ ಒಟಿಪಿ ಬರುವ ಮೊಬೈಲ್ ಹಾವೇರಿಯಲ್ಲಿರುವ ಮಗನ ಹತ್ತಿರ ಇರುತ್ತದೆ. ಹಾಗಾಗಿ ಗೇಟಿನಲ್ಲೇ ಮೊದಲು ಕೇಳಬೇಕಾದ್ದು ಮೊಬೈಲ್ ಯಾರ ಹತ್ತಿರ ಇದೆ ಎಂದು. ಗೃಹಲಕ್ಷ್ಮಿಗೂ ಇದೇ ಮದ್ದು, ಜೊತೆಗೆ ರೇಷನ್ ಕಾರ್ಡಿನಲ್ಲಿ ಮನೆ ಯಜಮಾನಿ ಯಾರೆಂದು ನೋಡಬೇಕು.

ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟಿದೆ ಎಂದರೆ ಪತ್ರ ಬರೆಯುತ್ತ ಕೂರಬೇಡಿ. ಬೆಸ್ಕಾಂ ಸಹಾಯವಾಣಿ 1912ಕ್ಕೆ ರೈತರಿಂದಲೇ ಕರೆ ಮಾಡಿಸಿ ದೂರಿನ ನಂಬರ್ ಮತ್ತು ಟಿಸಿ ಮೇಲೆ ಬರೆದಿರುವ ನಂಬರ್ ತೆಗೆದುಕೊಳ್ಳಿ, ಆಮೇಲೆ ಸೆಕ್ಷನ್ ಆಫೀಸರ್‌ಗೆ ಫೋನ್ ಮಾಡಿ. ಭದ್ರಾ ನಾಲೆಯ ಕೊನೆ ಭಾಗದವರ ನೀರಿನ ದೂರು ಬೇರೆ ಜಾತಿಯದು, ಅದು ಬುಕ್ಕಿಗೆ ಬಗ್ಗುವುದಿಲ್ಲ. ತೂಬಿನ ನಂಬರ್ ಬರೆದುಕೊಂಡು ಎಂಜಿನಿಯರ್‌ಗೆ ಕೊಡುವುದಷ್ಟೇ ನಮ್ಮಿಂದ ಆಗುವ ಕೆಲಸ.

ನಡುವೆ ಒಂದು ಪ್ರಯೋಗ. ಬುಕ್ಕಿನ ಪುಟಗಳಿಂದ, ಶಾಸಕರು ವಿಧಾನಸಭೆಯಲ್ಲಿ ಕೇಳಲು ಚುಕ್ಕೆ ರಹಿತ (ಲಿಖಿತ ಉತ್ತರದ) ಪ್ರಶ್ನೆ ತಯಾರಿಸಿದೆ. ಚುಕ್ಕೆ ಗುರುತಿನದಕ್ಕೆ ಸದನದಲ್ಲಿ ಬಾಯಿ ಮಾತಿನ ಉತ್ತರ, ಉಪಪ್ರಶ್ನೆ ಎಲ್ಲ ಇರುತ್ತದೆ. ಅಂಕಿ ಬೇಕಿದ್ದರೆ ಲಿಖಿತ ಉತ್ತರವೇ ಒಳ್ಳೆಯದು. ಮೊದಲ ಕರಡಿನಲ್ಲಿ 'ಸರ್ಕಾರದ ಗಮನಕ್ಕೆ ಬಂದಿದೆಯೇ' ಎಂದಿದ್ದೆ. 'ಬಂದಿದೆ' ಎಂದರೆ ಮುಗಿಯಿತಲ್ಲ. ಎರಡನೇ ಸಲ ಅ, ಆ, ಇ ಎಂದು ಒಡೆದು ಹೋಬಳಿವಾರು ಎಷ್ಟು ಬಾಕಿ, ಯಾವ ಹಂತದಲ್ಲಿ, ಯಾವ ಕಾರಣಕ್ಕೆ ಎಂದು ಕೇಳಿದ ಮೇಲೆ ಅನುಬಂಧದಲ್ಲಿ ಪಟ್ಟಿ ಬಂತು.

ಖರ್ಚು ನನ್ನ ಕೈಯಿಂದ ಸಾವಿರದ ಎಂಟುನೂರರ ಹತ್ತಿರ. ಜೆರಾಕ್ಸ್‌ಗೇ ಸಾವಿರ ಹೋಗಿರಬೇಕು, ಉಳಿದದ್ದು ಸ್ವೀಕೃತಿ ಸೀಲು, ಪೋಸ್ಟರ್, ರೀಚಾರ್ಜ್. ಸ್ಟೈಪೆಂಡ್ ಇರಲಿಲ್ಲ, ಮಧ್ಯಾಹ್ನದ ಊಟವಿತ್ತು.

ಒಟ್ಟು ಬರೆದಿದ್ದು ಆರುನೂರು ಚಿಲ್ಲರೆ, ಮುಗಿದದ್ದು ಮುನ್ನೂರೈವತ್ತರ ಆಸುಪಾಸು. ಮೊದಲು ಎಷ್ಟು ಮುಗಿಯುತ್ತಿತ್ತು ಎಂದು ಯಾರೂ ಎಣಿಸಿಯೇ ಇರಲಿಲ್ಲ. ಸೋತಿದ್ದು ದರಖಾಸ್ತು ಪೋಡಿಯಲ್ಲಿ, ಅಂದರೆ ಮಂಜೂರಾದ ಸರ್ಕಾರಿ ಜಮೀನನ್ನು ಅಳೆದು ಬೇರೆ ಸರ್ವೆ ನಂಬರ್ ಮಾಡಿಸುವ ಕೆಲಸದಲ್ಲಿ. ನಮೂನೆ 1ರಿಂದ 5 ಕಂದಾಯದವರ ಟೇಬಲ್, 6ರಿಂದ 10 ಸರ್ವೆಯವರದು. ಮೂಲ ಮಂಜೂರಾತಿ ಕಡತ ಸಿಗದಿದ್ದರೆ ಎರಡು ಟೇಬಲ್ ನಡುವೆ ಓಡಾಡುತ್ತಲೇ ಇರುತ್ತದೆ. ಒಂದೇ ಕೇಸನ್ನು ನಾಲ್ಕು ಸಲ ಹೊಡೆದು ನಾಲ್ಕು ಸಲ ಏರಿಸಿದ ಪುಟ ಬುಕ್ಕಿನಲ್ಲಿದೆ, ಐದನೇ ಸಲಕ್ಕೆ ಜಾಗವಿಲ್ಲದೆ ಅಂಚಿನಲ್ಲಿ ಬರೆದಿದ್ದೇನೆ.