ಪಿಕಪ್‌ಗೆ ರೋಡ್ ಟಯರ್: ಮೈಲೇಜ್ ಹೋಗಿದ್ದೆಲ್ಲಿ, ವಾಪಸ್ ಬಂದಿದ್ದೆಲ್ಲಿಂದ

ಗಾಡಿ ಇಸುಝು ವಿ-ಕ್ರಾಸ್, ಹಳೇ 2.5 ಡೀಸೆಲ್. ಕಂಪನಿಯಿಂದ ಬಂದ ಟಯರ್ 245/70 ಆರ್16 (ಅಗಲ 245 ಮಿ.ಮೀ., ಪಕ್ಕದ ಗೋಡೆ ಅದರ ಶೇ. 70, ರಿಮ್ 16 ಇಂಚು). ಈಗ ಓಡುತ್ತಿರುವುದು 255/60 ಆರ್18, ಪೂರ್ತಿ ರಸ್ತೆ ಪ್ಯಾಟರ್ನ್, ಲೋಡ್ ಇಂಡೆಕ್ಸ್ (ಹೊರುವ ತೂಕದ ಸಂಕೇತ) 112, ಸ್ಪೀಡ್ ರೇಟಿಂಗ್ (ತಡೆಯುವ ವೇಗದ ಸಂಕೇತ) ಎಚ್. "ಪಿಕಪ್‌ಗೆ ಕಾರಿನ ಟಯರ್ ಹಾಕಿದ್ರೆ ಲೋಡಿಗೆ ಉಬ್ಬುತ್ತೆ, ಡೀಸೆಲ್ಲೂ ಜಾಸ್ತಿ ಕುಡಿಯುತ್ತೆ" ಅಂತ ಚಿತ್ರದುರ್ಗದಲ್ಲಿ ಹೇಳದವರಿಲ್ಲ. 30 ಸಾವಿರ ಕಿಲೋಮೀಟರ್ ದಾಟಿತು. ಒಂದೂ ಉಬ್ಬಿಲ್ಲ. ಲೀಟರಿಗೆ ಸುಮಾರು 12.1 ಕೊಡುತ್ತಿದೆ. ಕಂಪನಿ ಟಯರ್‌ನಲ್ಲಿ 12.4 ಇತ್ತು, ವ್ಯತ್ಯಾಸ ಅಷ್ಟೇ.

ಇಲ್ಲಿಗೆ ಬರೋದಕ್ಕೆ ಮುಂಚೆ ಎರಡು ಸೆಟ್ ಹಾಳಾಯಿತು. ಮೊದಲನೆಯದು 265/70 ಆರ್16 ಆಲ್ ಟೆರೇನ್, ಅಂದರೆ ರಸ್ತೆಗೂ ಕಚ್ಚಾ ದಾರಿಗೂ ಆಗುವ ಒರಟು ಪ್ಯಾಟರ್ನ್. ಹಾಕಿದ ದಿನವೇ ಮೀಟರ್ ಲೆಕ್ಕದಲ್ಲಿ ಮೈಲೇಜ್ 10.2ಕ್ಕೆ ಬಿತ್ತು. ಆದರೆ ಅದರಲ್ಲಿ ಒಂದಿಷ್ಟು ಸುಳ್ಳು ನಷ್ಟ. 245/70 ಆರ್16ರ ಎತ್ತರ ಸುಮಾರು 749 ಮಿ.ಮೀ., 265/70ದು 777. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಾಗಲ್ಲ. ಹೆದ್ದಾರಿಯ ಕಿಲೋಮೀಟರ್ ಕಲ್ಲು ಹಿಡಿದು 50 ಕಿ.ಮೀ. ಓಡಿಸಿದರೆ ಟ್ರಿಪ್ ಮೀಟರ್ 48 ಚಿಲ್ಲರೆ ತೋರಿಸಿತು. ಅಂದರೆ 10.2ನ್ನು 1.037ರಿಂದ ಗುಣಿಸಬೇಕು, ನಿಜವಾದ ಮೈಲೇಜ್ 10.6. ಸೈಜ್ ಬದಲಿಸಿದವರು ಈ ಗುಣಾಕಾರ ಮಾಡದೆ ಮೈಲೇಜ್ ಮಾತಾಡಿದರೆ ಆ ಮಾತಿಗೆ ಬೆಲೆ ಇಲ್ಲ.

ಉಳಿದ ನಷ್ಟ ಮಾತ್ರ ನಿಜವೇ. ಟಯರ್ ಬಿಚ್ಚಿಸಿ ಈರುಳ್ಳಿ ತೂಗುವ ಕಾಟಾದ ಮೇಲೆ ಇಟ್ಟಾಗ ಆಲ್ ಟೆರೇನ್ ಒಂದೊಂದೂ ಕಂಪನಿ ಟಯರ್‌ಗಿಂತ ಹತ್ತಿರ ಹತ್ತಿರ 4 ಕೆ.ಜಿ. ಜಾಸ್ತಿ ತೂಗಿತು. ಟಯರ್ ಮೇಲಿನ ಆಳದ ಬಟನ್ (ರಬ್ಬರ್ ಗಟ್ಟಿಗಳು) ಪ್ರತಿ ಸುತ್ತಿಗೂ ಬಾಗಿ ಬಿಸಿಯಾಗುತ್ತದೆ. ಆ ಬಿಸಿ ಡೀಸೆಲ್‌ನಿಂದಲೇ ಬರಬೇಕು. ಆ ಸೆಟ್ ಅರ್ಧ ಬೆಲೆಗೂ ಹೋಗಲಿಲ್ಲ, 28 ಸಾವಿರ ನಷ್ಟ.

ಎರಡನೇ ಸಲ 18 ಇಂಚಿಗೆ ಹೋಗಿದ್ದು. ಹೊಸ ಮಾಡೆಲ್‌ನಿಂದ ಬಿಚ್ಚಿದ ಅಲಾಯ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು. ಆರು ಬೋಲ್ಟ್, 139.7 ಪಿಸಿಡಿ (ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ, ಮಿ.ಮೀ.ನಲ್ಲಿ), ನೇರವಾಗಿ ಕೂರುತ್ತದೆ. ತಪ್ಪಾಗಿದ್ದು ಟಯರ್ ಆಯ್ಕೆಯಲ್ಲಿ. 265/60 ಆರ್18, ತೀರಾ ಮೆತ್ತನೆ ಕಾಂಪೌಂಡ್. ರಸ್ತೆಗೆ ಅಂಟಿಕೊಂಡು ಹೋಗುತ್ತಿತ್ತು, ತಿರುವಿನಲ್ಲಿ ಸ್ಟಿಯರಿಂಗ್ ಕಾರಿನಂತೆ. ನಿಜ ಮೈಲೇಜ್ 11.3ರ ಹತ್ತಿರ ನಿಂತಿತು. ಅದನ್ನು ಮೇಲೆತ್ತಲು ಖಾಲಿ ಗಾಡಿಗೆ 42 ಪಿಎಸ್‌ಐ ಹವಾ ಹೊಡೆಸಿದ್ದೇ ದೊಡ್ಡ ತಪ್ಪು. ಹಿಂದಿನ ಎರಡೂ ಟಯರ್ ನಡುಮಧ್ಯ ಸವೆದು 28 ಸಾವಿರ ಕಿ.ಮೀ.ಗೇ ಸವೆತದ ಇಂಡಿಕೇಟರ್ ಗೆರೆಗೆ ಬಂದವು, ಬದಿಗಳಲ್ಲಿ ಇನ್ನೂ 4 ಮಿ.ಮೀ. ಉಳಿದಿತ್ತು. ಡೀಸೆಲ್‌ನಲ್ಲಿ ಉಳಿಸಿದ್ದಕ್ಕಿಂತ ರಬ್ಬರ್‌ನಲ್ಲಿ ಕಳೆದದ್ದು ಹೆಚ್ಚು. ಮೇಲಾಗಿ ಆ ಸೆಟ್ ಕೊಟ್ಟ ಅಂಗಡಿಯವರು ಡಿಸ್ಕೌಂಟ್ ಅಂತ ಹೇಳಿ ಕೊಟ್ಟದ್ದು ಎರಡು ವರ್ಷ ಹಳೇ ಮಾಲು. ಸೈಡ್‌ವಾಲ್ ಮೇಲಿನ ನಾಲ್ಕಂಕಿ ನೋಡದೆ ದುಡ್ಡು ಕೊಡಬೇಡಿ: ಮೊದಲೆರಡು ವಾರ, ಕೊನೆಯೆರಡು ವರ್ಷ.

ಮೂರನೇ ಸೆಟ್‌ಗೆ ಮುಂಚೆ ಅಳೆಯುವ ಕ್ರಮ ಸರಿಮಾಡಿದೆ. ನಮ್ಮ ಕಡೆ ಇದು ಸುಲಭವಲ್ಲ. ಗುಡ್ಡದ ಮೇಲಿನ ಗಾಳಿ ವಿದ್ಯುತ್ ಫ್ಯಾನುಗಳು ಸುಮ್ಮನೆ ನಿಂತಿಲ್ಲ. ಆಷಾಢದ ಗಾಳಿಯಲ್ಲಿ ದಾವಣಗೆರೆ ಕಡೆ ಹೋಗುವಾಗ ಒಂದು ಮೈಲೇಜ್, ಬರುವಾಗ ಇನ್ನೊಂದು. ಅದರ ಮೇಲೆ ದಾವಣಗೆರೆ ದುರ್ಗಕ್ಕಿಂತ ನೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಒಂದೇ ದಿಕ್ಕಿನ ಲೆಕ್ಕ ನಂಬಿ ಆಲ್ ಟೆರೇನ್‌ನಲ್ಲೂ 13 ಬರುತ್ತೆ ಅನ್ನುವವರಿದ್ದಾರೆ. ಹಾಗಾಗಿ ಯಾವಾಗಲೂ ಹೋಗಿ ಬರುವ ಲೆಕ್ಕ, ಬೆಳಗ್ಗೆ ಆರಕ್ಕೆ ಮುಂಚೆ ಗಾಳಿ ಏಳುವ ಮೊದಲು, ಒಂದೇ ಬಂಕ್, ಒಂದೇ ನಾಜಲ್, ಮೊದಲ ಆಟೋ ಕಟ್‌ಗೆ ನಿಲ್ಲಿಸಿ ಮತ್ತೆ ತುಂಬಿಸದೆ. ಸ್ಪೀಡ್ 80. ಒಂದು ಸೆಟ್‌ಗೆ ಕನಿಷ್ಠ ಮೂರು ಟ್ಯಾಂಕ್. ಇನ್ನೊಂದು ಮಾತು, ಸವೆದ ಟಯರ್‌ಗೆ ಉರುಳುವ ಎಳೆತ ಕಮ್ಮಿ. ಸವೆದ ಹಳೇ ಸೆಟ್ ತೆಗೆದು ಹೊಸದು ಹಾಕಿದ ವಾರವೇ "ಮೈಲೇಜ್ ಬಿತ್ತು" ಅನ್ನಬೇಡಿ, 2,000 ಕಿ.ಮೀ. ಬಿಡಿ.

ಡೀಸೆಲ್ ಸುಡದೆ ಅಳೆಯುವ ದಾರಿಯೂ ಇದೆ. ಖಾಲಿ ಲೇಔಟ್‌ನ ಸಮತಟ್ಟು ರಸ್ತೆಯಲ್ಲಿ 30ರ ಸ್ಪೀಡಿಗೆ ಗಾಡಿ ನ್ಯೂಟ್ರಲ್‌ಗೆ ಬಿಟ್ಟು, ತಾನಾಗೇ ನಿಲ್ಲುವ ತನಕ ಎಷ್ಟು ದೂರ ಉರುಳುತ್ತದೆ ಅಂತ ಟೇಪ್ ಹಿಡಿಯುವುದು, ಎರಡೂ ದಿಕ್ಕಿಗೆ ಐದೈದು ಸಲ. ಅಷ್ಟು ಕಮ್ಮಿ ಸ್ಪೀಡಲ್ಲಿ ಗಾಳಿಯ ಎಳೆತ ಅಲ್ಪ, ತೋರುವುದು ಟಯರ್ ಮತ್ತು ಬೇರಿಂಗ್. ಟಯರ್ ಬಿಸಿಯಾದ ಮೇಲೆ ಮಾಡಬೇಕು, ಇಲ್ಲದಿದ್ದರೆ ಮೊದಲ ಓಟ ಮತ್ತು ಐದನೇ ಓಟಕ್ಕೆ ತಾಳೆ ಆಗಲ್ಲ. ಈ ಪರೀಕ್ಷೆಯಲ್ಲೇ ಹಿಂದಿನ ಒಂದು ಬ್ರೇಕ್ ಹಿಡಿದುಕೊಂಡಿದ್ದು ಗೊತ್ತಾಯಿತು. ಆ ನಷ್ಟವನ್ನೂ ಟಯರ್ ಮೇಲೇ ಹೊರಿಸಿದ್ದಾಗಿತ್ತು.

ಲೋಡ್ ವಿಷಯಕ್ಕೆ ಬರೋಣ, ಎಲ್ಲರ ಅನುಮಾನ ಇದ್ದಿದ್ದು ಇಲ್ಲೇ. 600 ಕೆ.ಜಿ. ಗೊಬ್ಬರ ಹಾಕಿ ವೇಬ್ರಿಡ್ಜ್ ಮೇಲೆ ಹಿಂದಿನ ಚಕ್ರ ಮಾತ್ರ ಏರಿಸಿ ತೂಗಿಸಿದೆ: 1,400ರ ಆಸುಪಾಸು. ಲೋಡ್ ಇಂಡೆಕ್ಸ್ 112 ಅಂದರೆ ಟಯರ್ ಒಂದಕ್ಕೆ 1,120 ಕೆ.ಜಿ. ಕಾರಿನ ಜಾತಿಯ ಟಯರನ್ನು ಲೋಡ್ ಗಾಡಿಗೆ ಹಾಕುವಾಗ 1.1ರಿಂದ ಭಾಗಿಸಿಕೊಳ್ಳಬೇಕು, ಆಗಲೂ ಎರಡಕ್ಕೆ 2,000ಕ್ಕೂ ಮೇಲೆ. ಬೇಕಾದಷ್ಟಾಯಿತು. ಅದೇ ಸೈಜಿನಲ್ಲಿ ಕಮ್ಮಿ ಇಂಡೆಕ್ಸ್ ಇರುವುದೂ ಮಾರುತ್ತಾರೆ, 800–1,000 ರೂಪಾಯಿ ಅಗ್ಗ ಅಂತ ಅದಕ್ಕೆ ಹೋಗಬಾರದು. ಟನ್ ಮೇಲೆ ಹೇರುವವರಿಗೆ ಈ ದಾರಿ ಅಲ್ಲವೇ ಅಲ್ಲ, ಅವರಿಗೆ ಎಲ್‌ಟಿ (ಲೈಟ್ ಟ್ರಕ್) ಟಯರ್, ಹೆಚ್ಚು ಪ್ಲೈ (ಒಳಪದರ) ಇರುವುದು.

ಕೊನೆಗೆ ಈ ಮೂರನೇ ಸೆಟ್, 255/60 ಆರ್18, ಗೆದ್ದಿದ್ದು ಮೂರು ಕಾರಣಕ್ಕೆ. ಎತ್ತರ 763 ಮಿ.ಮೀ., ಕಂಪನಿ ಟಯರ್‌ಗಿಂತ ಶೇ. 2ರೊಳಗೇ ಹೆಚ್ಚು, ಹಾಗಾಗಿ ಟಾಪ್ ಗೇರ್‌ನಲ್ಲಿ ಎಂಜಿನ್ ತಿಣುಕಲ್ಲ. ಅಗಲ 10 ಮಿ.ಮೀ. ಮಾತ್ರ ಜಾಸ್ತಿ. ಕಾಂಪೌಂಡ್‌ನಲ್ಲಿ ಸಿಲಿಕಾ ಇರುವುದು; ಒದ್ದೆಯಲ್ಲಿ ಹಿಡಿತ ಬಿಡದೆ ಉರುಳುವ ಎಳೆತ ಇಳಿಸುವುದು ಅದೇ. ಬ್ರ್ಯಾಂಡ್ ಹೆಸರು ಬರೆಯುವುದಿಲ್ಲ, ಒಂದೇ ಬ್ರ್ಯಾಂಡಿನ ಒಂದೇ ಪ್ಯಾಟರ್ನ್ ಬೇರೆ ಸೈಜಿನಲ್ಲಿ ಬೇರೆ ಥರ ನಡೆಯುತ್ತದೆ. ಅಂಗಡಿಯಲ್ಲಿ ಇಂಧನ ಉಳಿತಾಯದ ಸ್ಟಾರ್ ಲೇಬಲ್ ಇರುವ ಟಯರ್ ಇದ್ದರೆ ಅದನ್ನು ಮೊದಲು ಕೇಳಿ.

ಹವಾ: ಖಾಲಿ ಗಾಡಿಗೆ ಮುಂದೆ 33, ಹಿಂದೆ 31. 400 ಕೆ.ಜಿ. ದಾಟಿದರೆ ಹಿಂದೆ 38. ಬೆಳಗ್ಗೆ ಚಳಿ ಟಯರ್‌ನಲ್ಲೇ ನೋಡಬೇಕು. ಬಿಸಿಲಲ್ಲಿ ಹಿರಿಯೂರು ತಲುಪುವಷ್ಟರಲ್ಲಿ 4–5 ಏರುತ್ತದೆ, ಅದನ್ನು ಬಿಡಿಸಬಾರದು. ಅಲೈನ್‌ಮೆಂಟ್‌ನಲ್ಲಿ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಎಷ್ಟಕ್ಕೆ ಇಡಿಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ, ಅದಕ್ಕೆ ನಾಲ್ಕು ಸಲ ದುಡ್ಡು ಕೊಟ್ಟು ಹುಡುಕಿದ್ದೇನೆ. ಕಂಪನಿ ಹೇಳಿದ ಮಿತಿಯೊಳಗೇ ಇದೆ ಅಂತಷ್ಟೇ ಹೇಳಬಲ್ಲೆ.

ಪಕ್ಕದ ಪ್ರಯೋಗಗಳು ಹಲವು ನಡೆದವು. ನೈಟ್ರೋಜನ್‌ನಿಂದ ಮೈಲೇಜಿನಲ್ಲಿ ಏನೂ ಬದಲಾಗಲಿಲ್ಲ, ಹವಾ ಇಳಿಯುವುದು ಸ್ವಲ್ಪ ನಿಧಾನ. ಬಕೆಟ್‌ಗೆ (ಹಿಂದಿನ ಲೋಡ್ ತೊಟ್ಟಿಗೆ) ಟಾರ್ಪಾಲ್ ಬಿಗಿಯಾಗಿ ಕಟ್ಟಿದ್ದರಿಂದ ಬಂದ ಲಾಭ ಅಳತೆಯ ತಪ್ಪಿನೊಳಗೇ ಮುಳುಗಿಹೋಯಿತು. ಆದರೆ ಸ್ಪೀಡ್ 80ರಿಂದ 100ಕ್ಕೆ ಏರಿಸಿದಾಗ ಲೀಟರಿಗೆ ಸುಮಾರು ಒಂದೂವರೆ ಕಿ.ಮೀ. ಹೋಯಿತು, ಆಲ್ ಟೆರೇನ್ ಬಿಟ್ಟು ಈ ಟಯರ್‌ಗೆ ಬಂದಾಗ ಗಳಿಸಿದಷ್ಟೇ. ಹಳೇ ಎರಡು ಆಲ್ ಟೆರೇನ್ ಹಿಂದೆ, ರೋಡ್ ಟಯರ್ ಮುಂದೆ ಹಾಕಿ ನೋಡುವ ಯೋಚನೆ ಯಾರಿಗಾದರೂ ಬಂದರೆ ಬಿಟ್ಟುಬಿಡಿ: ಹಿಂದೆ ಮುಂದೆ ಎತ್ತರ ಬೇರೆ ಇದ್ದು ಫೋರ್ ವ್ಹೀಲ್‌ಗೆ ಹಾಕಿದರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಬಿಗಿದುಕೊಳ್ಳುತ್ತದೆ.

ಈ ಟಯರ್ ಸೋಲುವ ಜಾಗವೂ ಇದೆ. ಎರೆ ಹೊಲದಲ್ಲಿ ಒಂದು ಹದ ಮಳೆ ಬಿದ್ದರೆ ಟಯರ್ ಮೇಲಿನ ಸಣ್ಣ ಗಾಡಿಗಳಲ್ಲಿ (ಗೀರುಗಳಲ್ಲಿ) ಮಣ್ಣು ತುಂಬಿ ಟಯರ್ ನುಣ್ಣಗಾಗುತ್ತದೆ, ಫೋರ್ ವ್ಹೀಲ್ ಇದ್ದರೂ ಜಾರುತ್ತದೆ. ಚಳ್ಳಕೆರೆ ಕಡೆಯ ಬಳ್ಳಾರಿ ಜಾಲಿ ಮುಳ್ಳು ಸೈಡ್‌ವಾಲ್‌ಗೆ ಚುಚ್ಚಿದರೆ ಪಂಕ್ಚರ್ ಹಾಕಲು ಬರಲ್ಲ, ಟಯರೇ ಹೋದಂತೆ. ಒಂದು ಹೋಗಿದೆ, 13 ಸಾವಿರ. 60ರ ಪ್ರೊಫೈಲ್ ಆದ್ದರಿಂದ ಗುಂಡಿಗೆ ಜೋರಾಗಿ ಬಿದ್ದರೆ ಅಲಾಯ್ ಬೆಂಡ್. ಸ್ಟೆಪ್ನಿ ಹಳೇ 16 ಇಂಚಿನದೇ ಇದೆ, ಪಂಕ್ಚರ್ ಅಂಗಡಿ ತಲುಪುವವರೆಗೆ ಮಾತ್ರ, ಟೂ ವ್ಹೀಲ್‌ನಲ್ಲೇ.

ದುಡ್ಡಿನ ಲೆಕ್ಕ: ವರ್ಷಕ್ಕೆ 20 ಸಾವಿರ ಕಿ.ಮೀ., ಡೀಸೆಲ್ 90 ಅಂತ ಹಿಡಿಯಿರಿ. ಆಲ್ ಟೆರೇನ್‌ಗೆ ಹೋಲಿಸಿದರೆ 21 ಸಾವಿರದ ಹತ್ತಿರ ಉಳಿತಾಯ. ಕಂಪನಿ ಟಯರ್‌ಗೆ ಹೋಲಿಸಿದರೆ ಮೂರೂವರೆ ಸಾವಿರ ಹೆಚ್ಚು ಖರ್ಚು. ಆ ಮೂರೂವರೆ ಸಾವಿರಕ್ಕೆ ಸಿಕ್ಕಿದ್ದು ಏನೆಂದರೆ, ಒದ್ದೆ ರಸ್ತೆಯಲ್ಲಿ 50ರಿಂದ ಬ್ರೇಕ್ ಹಿಡಿದರೆ ಗಾಡಿ ನಾಲ್ಕೈದು ಹೆಜ್ಜೆ ಮೊದಲೇ ನಿಲ್ಲುತ್ತದೆ. ಸವೆತ ಈಗಿನ ಅಳತೆಯಲ್ಲಿ 10,000 ಕಿ.ಮೀ.ಗೆ ಒಂದು ಮಿ.ಮೀ. ಮೇಲೆ ಸ್ವಲ್ಪ, 8,000ಕ್ಕೊಮ್ಮೆ ಹಿಂದಿನದು ಮುಂದಕ್ಕೆ ಹಾಕುತ್ತಿರುವುದರಿಂದ ನಾಲ್ಕೂ ಸಮನಾಗಿವೆ. 50 ಸಾವಿರ ಬರುತ್ತದೆ.