ವೀಸಾ ಕೇಳದ ಎರಡು ಬಾಗಿಲು: ಬೇ ಏರಿಯಾಗೆ ಹೊಸದಾಗಿ ಬಂದ ಆಟಿಸಂ ಕುಟುಂಬಗಳಿಗೆ

ಎಚ್-1ಬಿ ಕೆಲಸದ ವೀಸಾ ಮೇಲೆ ಕ್ಯಾಲಿಫೋರ್ನಿಯಾಗೆ ಬಂದ ನಮ್ಮವರು ಮೊದಲು ಕೇಳುವುದು ಇದನ್ನೇ: "ನಮ್ಗೆ ಗ್ರೀನ್ ಕಾರ್ಡ್ ಇಲ್ವಲ್ಲ, ನಮ್ಮ ಮಗುಗೆ ಏನಾದ್ರೂ ಸಿಗುತ್ತಾ?" ಸಿಗುತ್ತದೆ. ಆಟಿಸಂ ಇರುವ ಮಕ್ಕಳಿಗೆ ಇಲ್ಲಿರುವ ಎರಡು ದೊಡ್ಡ ಆಸರೆ ಅಂದರೆ ರೀಜನಲ್ ಸೆಂಟರ್ ಮತ್ತು ಸರ್ಕಾರಿ ಶಾಲೆಯ ಸ್ಪೆಷಲ್ ಎಜುಕೇಶನ್. ಎರಡೂ ಕಡೆ ನೀವು ಈ ರಾಜ್ಯದಲ್ಲಿ, ಆ ಊರಿನಲ್ಲಿ ವಾಸ ಇದ್ದೀರಾ ಅಂತ ನೋಡುತ್ತಾರೆ. ವೀಸಾ ಯಾವುದು ಅನ್ನುವುದು ಲೆಕ್ಕಕ್ಕಿಲ್ಲ. ಹಾಗಾಗಿ ಗ್ರೀನ್ ಕಾರ್ಡ್ ಬಂದ ಮೇಲೆ ನೋಡೋಣ ಅಂತ ಕೂರಬೇಡಿ. ಭಾರತದವರ ಸಾಲು ಎಷ್ಟುದ್ದ ಇದೆ ಅಂತ ನಿಮಗೇ ಗೊತ್ತು.

ಮೊದಲು ರೀಜನಲ್ ಸೆಂಟರ್, ಅಂದರೆ ಆಟಿಸಂನಂಥ ಬೆಳವಣಿಗೆಯ ತೊಂದರೆ ಇರುವವರಿಗೆ ಸೇವೆ ಹೊಂದಿಸಿಕೊಡುವ ಕಚೇರಿ. 1969ರ ಲ್ಯಾಂಟರ್‌ಮನ್ ಕಾಯ್ದೆಯಿಂದ ಹುಟ್ಟಿದ ವ್ಯವಸ್ಥೆ ಇದು. ರಾಜ್ಯದಲ್ಲಿ ಒಟ್ಟು 21 ಸೆಂಟರ್‌ಗಳಿವೆ. ಸರ್ಕಾರ ದುಡ್ಡು ಕೊಡುತ್ತದೆ, ಲಾಭಕ್ಕಲ್ಲದ ಖಾಸಗಿ ಸಂಸ್ಥೆಗಳು ನಡೆಸುತ್ತವೆ. ಯಾವುದು ನಿಮ್ಮದು ಅನ್ನುವುದು ಮನೆ ಯಾವ ಕೌಂಟಿಯಲ್ಲಿದೆ ಅನ್ನುವುದರ ಮೇಲೆ. ಸ್ಯಾನ್ ಹೊಸೆ, ಸನ್ನಿವೇಲ್, ಕ್ಯುಪರ್ಟಿನೋ ಕಡೆಯವರಿಗೆ ಸ್ಯಾನ್ ಆಂಡ್ರಿಯಾಸ್ ರೀಜನಲ್ ಸೆಂಟರ್. ಫ್ರೀಮಾಂಟ್, ಡಬ್ಲಿನ್, ಸ್ಯಾನ್ ರಮೋನ್ ಕಡೆಯವರಿಗೆ ರೀಜನಲ್ ಸೆಂಟರ್ ಆಫ್ ದಿ ಈಸ್ಟ್ ಬೇ. ಮನೆ ಬೆಲೆಗೆ ಹೆದರಿ ಮೌಂಟನ್ ಹೌಸ್‌ಗೆ ಹೋದವರಿಗೆ ವ್ಯಾಲಿ ಮೌಂಟನ್.

ಮಗುವಿಗೆ ಮೂರು ತುಂಬಿಲ್ಲ ಅಂದರೆ "ಅರ್ಲಿ ಸ್ಟಾರ್ಟ್" ಅನ್ನುವ ಪುಟ್ಟ ಮಕ್ಕಳ ಕಾರ್ಯಕ್ರಮ ಬೇಕು ಅಂತ ಕೇಳಿ. ಅದಕ್ಕೆ ಆಟಿಸಂ ಅನ್ನುವ ಡಾಕ್ಟರ್ ಚೀಟಿ ಬೇಕಾಗಿಲ್ಲ. ಮಾತಿನಲ್ಲೋ ನಡಿಗೆಯಲ್ಲೋ ಸಾಕಷ್ಟು ಹಿಂದಿದೆ ಅಂತ ಅವರ ಪರೀಕ್ಷೆಯಲ್ಲಿ ಕಂಡರೆ ಸಾಕು. 45 ದಿನದೊಳಗೆ ಯೋಜನೆ ಸಿದ್ಧವಾಗಬೇಕು. ಇಲ್ಲೇ ನಮ್ಮವರು ಜಾಸ್ತಿ ಕಾಲ ಕಳೆದುಕೊಳ್ಳುವುದು. ಎರಡೂವರೆ ವರ್ಷವಾದರೂ ಮಗು ಮಾತಾಡುತ್ತಿಲ್ಲ ಅಂತ ಊರಿಗೆ ಫೋನ್ ಮಾಡಿದರೆ, "ನಿಮ್ಮ ಮಾವನೂ ಮಾತಾಡಿದ್ದು ಐದು ವರ್ಷಕ್ಕೇ, ಈಗ ಬಾಯಿ ಮುಚ್ಚಿಸೋಕಾಗಲ್ಲ" ಅನ್ನುತ್ತಾರೆ. ಪ್ರೀತಿಯಿಂದ ಹೇಳುವ ಮಾತು, ತಪ್ಪೇನಿಲ್ಲ. ಆದರೆ ಮಾವನ ಕಥೆ ಕೇಳಿಕೊಂಡೇ ರೀಜನಲ್ ಸೆಂಟರ್‌ಗೂ ಒಂದು ಫೋನ್ ಮಾಡಬಹುದು ಅಲ್ವಾ? ಪರೀಕ್ಷೆ ಮಾಡಿ ಏನೂ ಇಲ್ಲ ಅಂದರೆ ನಷ್ಟವೇನಿಲ್ಲ.

ಮೂರು ದಾಟಿದ್ದರೆ ದಾರಿ ಸ್ವಲ್ಪ ಕಷ್ಟ. ನೀವು ಕೇಳಿದ 15 ಕೆಲಸದ ದಿನಗಳಲ್ಲಿ ಇನ್‌ಟೇಕ್ ಅನ್ನುವ ಮೊದಲ ಇಂಟರ್‌ವ್ಯೂ ಆಗಬೇಕು, ಅದಾದ 120 ದಿನದೊಳಗೆ ಪರೀಕ್ಷೆ ಮುಗಿಯಬೇಕು. ಆಟಿಸಂ ಇದ್ದರೆ ಮಾತ್ರ ಸಾಲದು. ದಿನನಿತ್ಯದ ಬದುಕಿನ ಏಳು ವಿಷಯಗಳಲ್ಲಿ ಕನಿಷ್ಠ ಮೂರರಲ್ಲಿ ದೊಡ್ಡ ತೊಂದರೆ ಇರಬೇಕು. ಸ್ವಂತ ಆರೈಕೆ, ಮಾತು, ಕಲಿಕೆ, ಓಡಾಟ, ಹೀಗೆ. ಮೂರು, ನಾಲ್ಕು ವರ್ಷದ ಮಕ್ಕಳಿಗೆ ಎರಡು ವಿಷಯ ಸಾಕು, ತಾತ್ಕಾಲಿಕವಾಗಿ ಸೇರಿಸಿಕೊಳ್ಳುತ್ತಾರೆ.

ಈ ಇಂಟರ್‌ವ್ಯೂನಲ್ಲಿ ಒಂದು ಮಾತು ನೆನಪಿಡಿ. "ಊಟ ತಾನೇ ಮಾಡ್ತಾನಾ?" ಅಂತ ಕೇಳುತ್ತಾರೆ. ನಾವು "ಹೂಂ, ಮಾಡ್ತಾನೆ" ಅಂದುಬಿಡುತ್ತೇವೆ. ನಿಜವಾಗಿ ನಡೆಯುವುದೇನು? ಐದು ವರ್ಷದ ಮಗು ಫೋನ್ ನೋಡುತ್ತಾ ಕೂತಿರುತ್ತದೆ, ಅಮ್ಮ ಮೊಸರನ್ನ ಕಲಸಿ ತುತ್ತು ಮಾಡಿ ಬಾಯಿಗೆ ಇಡುತ್ತಿರುತ್ತಾರೆ. ನಮ್ಮ ಮನೆಗಳಲ್ಲಿ ಅದು ಸಹಾಯ ಅಂತ ಅನಿಸುವುದೇ ಇಲ್ಲ. ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಹಲ್ಲುಜ್ಜಿಸುವುದು ಎಲ್ಲಾ ಹಾಗೇ. ಅಲ್ಲಿ ಕೂತ ಸೈಕಾಲಜಿಸ್ಟ್‌ಗೆ ಇದು ಗೊತ್ತಾಗುವುದು ನೀವು ಬಿಡಿಸಿ ಹೇಳಿದರೆ ಮಾತ್ರ. ಜೊತೆಗೆ ನಮಗೆ ಮಗುವನ್ನು ಹೊಗಳುವ ಅಭ್ಯಾಸ. "ಎ ಟು ಝೆಡ್ ಎಲ್ಲಾ ಬರುತ್ತೆ, ನೂರರ ತನಕ ಎಣಿಸ್ತಾನೆ." ಹೇಳಿ, ಬೇಡ ಅನ್ನುವುದಿಲ್ಲ. ಆದರೆ ನೂರರ ತನಕ ಎಣಿಸುವವನು ಹೊಟ್ಟೆ ನೋವು ಅಂತ ಹೇಳಲಾರ ಅನ್ನುವುದನ್ನೂ ಹೇಳಿ.

ಒಮ್ಮೆ ಸೇರಿಸಿಕೊಂಡರೆ ಸರ್ವಿಸ್ ಕೋಆರ್ಡಿನೇಟರ್ ಒಬ್ಬರು ಸಿಗುತ್ತಾರೆ. ಅರ್ಹತೆ ಇರುವವರೆಗೆ ಜೀವನಪೂರ್ತಿ ಸೇವೆ. ರೆಸ್ಪೈಟ್ ಅಂತ ಒಂದಿದೆ: ನೀವು ಉಸಿರಾಡಲು, ಇನ್ನೊಂದು ಮಗುವಿನ ಕಡೆ ನೋಡಲು, ಸುಮ್ನೆ ಮಲಗಲು, ಯಾರಾದರೂ ಬಂದು ಮಗುವನ್ನು ನೋಡಿಕೊಳ್ಳುವ ಗಂಟೆಗಳು. ಅತ್ತೆ ಮಾವ ಆರು ತಿಂಗಳಿಗೆ ಬಂದು ಹೋಗುವ ನಮ್ಮಂಥ ಮನೆಗಳಿಗೆ ಇದು ತುಂಬಾ ದೊಡ್ಡದು. ಕೇಳಲು ನಾಚಿಕೆ ಬೇಡ. ಇನ್ನೊಂದು ವಿಷಯ: ಇದು ಕ್ಯಾಲಿಫೋರ್ನಿಯಾಗೆ ಮಾತ್ರ. ಮನೆ ಅಗ್ಗ ಅಂತ ಆಸ್ಟಿನ್‌ಗೋ ಡಲ್ಲಾಸ್‌ಗೋ ಹೊರಡುವ ಮೊದಲು ವಿಚಾರಿಸಿ. ಟೆಕ್ಸಸ್‌ನಲ್ಲಿ ಇಂಥ ಸೇವೆ ಕೊಡುವ ಎಚ್‌ಸಿಎಸ್ ಕಾರ್ಯಕ್ರಮಕ್ಕೆ ಹತ್ತು ವರ್ಷಕ್ಕೂ ಮೀರಿ ಕಾಯಬೇಕು.

ಈಗ ಶಾಲೆ. ಮೂರನೇ ಹುಟ್ಟುಹಬ್ಬದಿಂದ 22ರ ತನಕ ಸರ್ಕಾರಿ ಶಾಲೆಯದೇ ಜವಾಬ್ದಾರಿ, ಅದೂ ಉಚಿತ. ಆಫೀಸಿನಲ್ಲಿ ನಿಂತು ಬಾಯಿಮಾತಲ್ಲಿ ಕೇಳಿದರೆ ಕೆಲಸ ಆಗುವುದಿಲ್ಲ. ಬರೆದು ಕೊಡಿ, ಇಮೇಲ್ ಆದರೂ ಸರಿ: "ನನ್ನ ಮಗುವಿಗೆ ಸ್ಪೆಷಲ್ ಎಜುಕೇಶನ್ ಅಸೆಸ್‌ಮೆಂಟ್ ಬೇಕು." ಆ ದಿನದಿಂದ 15 ದಿನದೊಳಗೆ ಅವರು ಅಸೆಸ್‌ಮೆಂಟ್ ಪ್ಲಾನ್ ಕೊಡಬೇಕು. ನೀವು ಸಹಿ ಮಾಡಿ ಕೊಟ್ಟ 60 ದಿನದೊಳಗೆ ಪರೀಕ್ಷೆ ಮುಗಿಸಿ ಐಇಪಿ (ಮಗುವಿಗೆಂದೇ ಬರೆಯುವ ಶಿಕ್ಷಣ ಯೋಜನೆ) ಮೀಟಿಂಗ್ ಕರೆಯಬೇಕು. ಬೇಸಿಗೆ ರಜೆಯಂಥ ದೊಡ್ಡ ರಜೆ ಇದರಲ್ಲಿ ಸೇರುವುದಿಲ್ಲ, ಹಾಗಾಗಿ ಮೇ ತಿಂಗಳ ತನಕ ಎಳೆಯಬೇಡಿ. ನಿಮ್ಹಾನ್ಸ್ ರಿಪೋರ್ಟೋ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ರಿಪೋರ್ಟೋ ಇದ್ದರೆ ಖಂಡಿತ ಜೊತೆಗೆ ಕೊಡಿ. ಆದರೂ ಅವರು ಹೊಸದಾಗಿ ಪರೀಕ್ಷೆ ಮಾಡುತ್ತಾರೆ. ಡಾಕ್ಟರ್ ಆಟಿಸಂ ಅಂದರೂ ಶಾಲೆಯ ಲೆಕ್ಕಾಚಾರ ಬೇರೆ. ಓದಿಗೆ ಅದರಿಂದ ತೊಂದರೆ ಆಗುತ್ತಿದೆಯಾ ಅಂತ ಅವರು ನೋಡುವುದು.

ಐಇಪಿ ಮೀಟಿಂಗ್ ಅಂದರೆ ಹೀಗಿರುತ್ತದೆ. ಮೇಜಿನ ಆ ಕಡೆ ಟೀಚರ್, ಸೈಕಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್, ಒಕ್ಯುಪೇಶನಲ್ ಥೆರಪಿಸ್ಟ್, ಸ್ಕೂಲ್ ಡಿಸ್ಟ್ರಿಕ್ಟ್‌ನವರು. ಈ ಕಡೆ ನೀವಿಬ್ಬರು. ಎಲ್ಲರೂ ನಗುನಗುತ್ತಾ ಮಾತಾಡುತ್ತಾರೆ. ಮೂವತ್ತು, ನಲವತ್ತು ಪುಟದ ಕಾಗದ ಸರಸರ ಓದಿ ಕೊನೆಯ ಪುಟ ತೋರಿಸುತ್ತಾರೆ. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು ಅಂತ ಬೆಳೆದವರು ನಾವು, ಪೆನ್ನು ತಾನಾಗಿ ಕೈಗೆ ಬರುತ್ತದೆ. ಬಂದಿದ್ದೇನೆ ಅನ್ನುವುದಕ್ಕೆ ಸಹಿ ಮಾಡಿ, ಒಪ್ಪಿಗೆಗೆ ಬೇಡ. ಮನೆಗೆ ತಂದು ನಿಧಾನವಾಗಿ ಓದಿ. ಒಪ್ಪುವ ಭಾಗಕ್ಕೆ ಮಾತ್ರ ಸಹಿ ಮಾಡಿ ಉಳಿದದ್ದನ್ನು ಬಿಡಬಹುದು. 24 ಗಂಟೆ ಮೊದಲು ತಿಳಿಸಿದರೆ ಮೀಟಿಂಗ್ ಆಡಿಯೋ ರೆಕಾರ್ಡ್ ಮಾಡಿಕೊಳ್ಳಬಹುದು. ಜಗಳ ಮಾಡಿ ಅಂತ ಹೇಳುತ್ತಿಲ್ಲ. ಟೀಚರ್‌ಗಳಲ್ಲಿ ಹೆಚ್ಚಿನವರು ಒಳ್ಳೆಯವರೇ. ಆದರೆ ವಾರಕ್ಕೆ ಸ್ಪೀಚ್ ಎಷ್ಟು ನಿಮಿಷ, ಗುಂಪಿನಲ್ಲೋ ಒಬ್ಬನಿಗೇನೋ, ಇದೆಲ್ಲಾ ಕಾಗದದಲ್ಲಿ ಇದ್ದರೆ ಮಾತ್ರ ನಡೆಯುತ್ತದೆ.

ಶಾಲೆಯ ರೇಟಿಂಗ್ ನೋಡಿ ಮನೆ ಹುಡುಕುವವರಿಗೆ ಒಂದು ಮಾತು. ಹತ್ತಕ್ಕೆ ಹತ್ತು ಬಂದ ಶಾಲೆಯಲ್ಲಿ ಸ್ಪೆಷಲ್ ಡೇ ಕ್ಲಾಸ್ (ಇಂಥ ಮಕ್ಕಳಿಗೆಂದೇ ಇರುವ ಪ್ರತ್ಯೇಕ ತರಗತಿ) ಇರಲೇಬೇಕು ಅಂತೇನಿಲ್ಲ. ಆ ಕ್ಲಾಸ್ ಇರುವುದು ಡಿಸ್ಟ್ರಿಕ್ಟ್‌ನ ಕೆಲವೇ ಶಾಲೆಗಳಲ್ಲಿ. ನೀವು ಜಾಸ್ತಿ ಬಾಡಿಗೆ ಕೊಟ್ಟು ಶಾಲೆಯ ಪಕ್ಕದಲ್ಲೇ ಇದ್ದರೂ ಮಗು ಬಸ್ ಹತ್ತಿ ಬೇರೆ ಶಾಲೆಗೆ ಹೋಗಬಹುದು. ಲೀಸ್‌ಗೆ ಸಹಿ ಹಾಕುವ ಮೊದಲು ಡಿಸ್ಟ್ರಿಕ್ಟ್ ಆಫೀಸಿಗೆ ಫೋನ್ ಮಾಡಿ ಕೇಳಿ.

ಕನ್ನಡದ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ನನಗೆ ಸ್ವಲ್ಪ ಹಟ ಇದೆ. "ಮಗುಗೆ ಎರಡು ಭಾಷೆ ಗೊಂದಲ ಆಗುತ್ತೆ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೆಲವು ಸಲ ಥೆರಪಿಸ್ಟ್‌ಗಳೂ. ಇದುವರೆಗಿನ ಸಂಶೋಧನೆಗಳಲ್ಲಿ ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಮಕ್ಕಳ ಮಾತು ಅದರಿಂದ ಹಿಂದೆ ಬಿದ್ದದ್ದು ಕಂಡಿಲ್ಲ. ಅಜ್ಜಿ ವಿಡಿಯೋ ಕಾಲ್‌ನಲ್ಲಿ "ಪುಟ್ಟಾ, ಉಂಡ್ಯಾ?" ಅಂತ ಕೇಳಿದರೆ ಮಗುವಿಗೆ ಅದು ಇಲ್ಲದ ಹಾಗೆ ಮಾಡುವುದು ಯಾಕೆ? ಅಪ್ಪ ಅಮ್ಮ ತಮಗೆ ಸಲೀಸಾದ ಭಾಷೆ ಬಿಟ್ಟು ಅಳೆದು ತೂಗಿ ಇಂಗ್ಲಿಷ್ ಆಡಿದರೆ ಮನೆಯಲ್ಲಿ ಮಾತೇ ಕಡಿಮೆಯಾಗುತ್ತದೆ.

ಥೆರಪಿಸ್ಟ್‌ಗೆ ಕನ್ನಡ ಬರುವುದಿಲ್ಲ, ಅದು ನಿಜವಾದ ಸಮಸ್ಯೆ. ನೀರು ಬೇಕಾದಾಗ ನಮ್ಮ ಎಷ್ಟೋ ಮಕ್ಕಳು "ನೀರು ಬೇಕಾ?" ಅನ್ನುತ್ತಾರೆ. ನಾವು ಕೇಳಿದ ಪ್ರಶ್ನೆಯನ್ನೇ ಹಾಗೇ ಹಿಡಿದುಕೊಂಡಿರುತ್ತಾರೆ. ನಮಗೆ ತಕ್ಷಣ ಅರ್ಥವಾಗುತ್ತದೆ. ಕ್ಲಾಸಿನಲ್ಲಿ ಅದು ಬರೀ ಶಬ್ದ, "ಮಾತಿಲ್ಲ" ಅಂತ ರಿಪೋರ್ಟ್‌ನಲ್ಲಿ ಬಂದರೂ ಬಂತು. ಅದಕ್ಕೆ ಒಂದು ಪಟ್ಟಿ ಮಾಡಿ ಕೊಡಿ. ಮಗು ಹೇಳುವ ಶಬ್ದವನ್ನು ಅವರಿಗೆ ಓದಲು ಬರುವ ಹಾಗೆ ಬರೆದು, ಪಕ್ಕದಲ್ಲಿ ಅರ್ಥ. "ಸಾಕು", "ಬೇಡ", "ಸುಸ್ಸು", "ಉಜ್ಜು". ಪರೀಕ್ಷೆಯನ್ನು ಸಾಧ್ಯವಾದಷ್ಟೂ ಮಗುವಿನ ಭಾಷೆಯಲ್ಲೇ ಮಾಡಬೇಕು ಅಂತ ಸ್ಪೆಷಲ್ ಎಜುಕೇಶನ್‌ಗೆ ಸಂಬಂಧಿಸಿದ ಅಮೆರಿಕದ ಐಡಿಇಎ ಕಾನೂನು ಹೇಳುತ್ತದೆ. ಐಇಪಿ ಮೀಟಿಂಗ್‌ಗೆ ಕನ್ನಡ ಇಂಟರ್‌ಪ್ರಿಟರ್ ಕೇಳುವ ಹಕ್ಕೂ ಇದೆ, ಖರ್ಚು ಡಿಸ್ಟ್ರಿಕ್ಟ್‌ನದು. ನಿಮ್ಮ ಇಂಗ್ಲಿಷ್ ಚೆನ್ನಾಗಿದ್ದರೂ, ಮಗುವನ್ನು ದಿನವಿಡೀ ನೋಡುವ ಅಜ್ಜಿಯೋ ಅಮ್ಮನೋ ಕನ್ನಡದಲ್ಲಿ ಹೇಳುವುದಕ್ಕೆ ತೂಕ ಜಾಸ್ತಿ.

ಮೂರನೆಯದು ಇನ್ಶೂರೆನ್ಸ್, ಮುಖ್ಯವಾಗಿ ಎಬಿಎ ಅನ್ನುವ ಬಿಹೇವಿಯರ್ ಥೆರಪಿಗೆ ಮತ್ತು ಸ್ಪೀಚ್ ಥೆರಪಿಗೆ. ಎಸ್‌ಬಿ 946 ಅನ್ನುವ ಕಾನೂನಿನಿಂದ 2012ರ ಜುಲೈನಿಂದ ರಾಜ್ಯದ ನಿಯಂತ್ರಣದಲ್ಲಿರುವ ಪ್ಲಾನ್‌ಗಳು ಬಿಹೇವಿಯರ್ ಥೆರಪಿಗೆ ದುಡ್ಡು ಕೊಡಬೇಕು. ಕಂಪನಿಯೇ ದುಡ್ಡು ಹಾಕುವ ಸೆಲ್ಫ್-ಫಂಡೆಡ್ ಪ್ಲಾನ್‌ಗಳಿಗೆ ಇದು ಅನ್ವಯವಾಗುವುದಿಲ್ಲ. ದೊಡ್ಡ ಟೆಕ್ ಕಂಪನಿಗಳಲ್ಲಿ ಎಷ್ಟೋ ತಾವಾಗಿಯೇ ಕೊಡುತ್ತವೆ. ಕನ್ಸಲ್ಟಿಂಗ್ ಕಂಪನಿಯ ಪ್ಲಾನ್ ಆದರೆ ಎಚ್‌ಆರ್ ಹತ್ತಿರ ಬರಹದಲ್ಲೇ ಕೇಳಿ. ಇನ್ನು ಎಬಿಎ ಬಗ್ಗೆ: ವಾರಕ್ಕೆ ಮೂವತ್ತು, ನಲವತ್ತು ಗಂಟೆ ಅಂತ ಹೇಳಿದರೆ ತಕ್ಷಣ ತಲೆಯಾಡಿಸಬೇಡಿ. ಚಿಕ್ಕಂದಿನಲ್ಲಿ ಅದನ್ನು ಕಂಡ ಆಟಿಸ್ಟಿಕ್ ವಯಸ್ಕರಲ್ಲಿ ಹಲವರು ಕಹಿಯಾಗಿ ಮಾತಾಡುತ್ತಾರೆ, ಅವರ ಮಾತೂ ಕೇಳಿ. ಥೆರಪಿಸ್ಟ್ ಬಂದರೆ ಮಗು ಓಡಿ ಬರುತ್ತದಾ, ಮಂಚದ ಕೆಳಗೆ ಸೇರಿಕೊಳ್ಳುತ್ತದಾ? ನಾನು ನೋಡುವುದು ಅದನ್ನೇ. ಸ್ಟೆಮ್ ಸೆಲ್, ಕೀಲೇಶನ್ ಅಂತ ವಾಟ್ಸಾಪ್‌ನಲ್ಲಿ ಬರುವ ಯಾವುದಕ್ಕೂ ಆಟಿಸಂಗೆ ಅಂತ ಎಫ್‌ಡಿಎ ಒಪ್ಪಿಗೆ ಇಲ್ಲ. ಆ ದುಡ್ಡು ಉಳಿಸಿ.

ಮೆಡಿ-ಕ್ಯಾಲ್ (ರಾಜ್ಯದ ಸರ್ಕಾರಿ ಆರೋಗ್ಯ ವಿಮೆ), ಐಎಚ್‌ಎಸ್‌ಎಸ್ (ಮನೆಯಲ್ಲೇ ಆರೈಕೆಗೆ ದುಡ್ಡು ಕೊಡುವ ಕಾರ್ಯಕ್ರಮ) ಅಂತ ಇನ್ನೂ ಇವೆ. ರೀಜನಲ್ ಸೆಂಟರ್ ಮೂಲಕ ವೇವರ್ (ನಿಯಮದಿಂದ ವಿನಾಯಿತಿ) ಸಿಕ್ಕರೆ ಮೆಡಿ-ಕ್ಯಾಲ್‌ಗೆ ಅಪ್ಪ ಅಮ್ಮನ ಸಂಬಳ ನೋಡುವುದಿಲ್ಲ. ಆದರೆ ಇಲ್ಲಿ ಇಮಿಗ್ರೇಶನ್ ಪ್ರಶ್ನೆ ಬರುತ್ತದೆ. ಅರ್ಜಿ ಹಾಕುವ ಮೊದಲು ನಿಮ್ಮ ಲಾಯರ್ ಹತ್ತಿರ ಮಾತಾಡಿ, ನಮ್ಮಂಥವರ ಮಾತು ನಂಬಬೇಡಿ. ಉಳಿದ ಎಲ್ಲಕ್ಕೂ ಸ್ಯಾನ್ ಹೊಸೆಯ ಪೇರೆಂಟ್ಸ್ ಹೆಲ್ಪಿಂಗ್ ಪೇರೆಂಟ್ಸ್ ಒಳ್ಳೆಯ ಜಾಗ. ದಕ್ಷಿಣ ಏಷ್ಯಾದ ಕುಟುಂಬಗಳ ಜೀನಾ ಸಂಸ್ಥೆಯೂ ಇದೆ, ಅಲ್ಲಿ ನಮ್ಮ ಮನೆಗಳ ಕಥೆ ವಿವರಿಸಬೇಕಾಗಿಲ್ಲ. ಸೇವೆ ಕೊಡುವುದಿಲ್ಲ ಅಂದರೆ ಡಿಸೆಬಿಲಿಟಿ ರೈಟ್ಸ್ ಕ್ಯಾಲಿಫೋರ್ನಿಯಾದವರನ್ನು ಕೇಳಿ.

ಅಪಾರ್ಟ್‌ಮೆಂಟ್‌ನಲ್ಲಿ ಈಜುಕೊಳ ಇದ್ದರೆ ಮೊದಲ ದಿನವೇ ಹೋಗಿ ಗೇಟ್ ತಳ್ಳಿ ನೋಡಿ. ತಾನಾಗಿ ಮುಚ್ಚಿಕೊಂಡು ಚಿಲಕ ಬೀಳಬೇಕು. ಹೇಳದೆ ಹೊರಟುಬಿಡುವ ಆಟಿಸಂ ಮಕ್ಕಳಿಗೆ ಅತಿ ದೊಡ್ಡ ಅಪಾಯ ನೀರು. ಮನೆ ಬಾಗಿಲಿಗೆ ಮೇಲೊಂದು ಚಿಲಕ ಹಾಕಿಸಿ, ಈಜು ಬೇಗ ಕಲಿಸಿ. ಮಗು ಕಾಣದಿದ್ದರೆ ಮೊದಲು ಕೊಳದ ಕಡೆ ಓಡಿ, ಆಮೇಲೆ ಬೇರೆ ಕಡೆ.

ಮಕ್ಕಳು ದೊಡ್ಡವರಾಗುತ್ತಾರೆ. 18ಕ್ಕೆ ಕಾನೂನಿನ ಪ್ರಕಾರ ಅವರೇ ನಿರ್ಧಾರ ಮಾಡುವವರು, ಐಇಪಿಗೆ ಸಹಿ ಕೂಡ ಅವರದೇ. ಕೋರ್ಟಿಗೆ ಹೋಗಿ ಕನ್ಸರ್ವೇಟರ್‌ಶಿಪ್ (ಅವರ ಪರವಾಗಿ ನಿರ್ಧರಿಸುವ ಅಧಿಕಾರ) ತೆಗೆದುಕೊಳ್ಳುವುದು ಒಂದು ದಾರಿ. ಆದರೆ 2023ರಿಂದ ರಾಜ್ಯದ ಕಾನೂನು ಬೆಂಬಲಿತ ನಿರ್ಧಾರ ಅನ್ನುವುದನ್ನೂ ಒಪ್ಪುತ್ತದೆ. ಮಗ, ಮಗಳು ತಾವೇ ತೀರ್ಮಾನ ಮಾಡುತ್ತಾರೆ, ತಾವೇ ಆರಿಸಿದವರು ಅರ್ಥ ಮಾಡಿಸುತ್ತಾರೆ. ಸಾಧ್ಯವಿದ್ದರೆ ಇದನ್ನೇ ಮೊದಲು ನೋಡಿ.

ವಯಸ್ಸಾದ ಮೇಲೆ ಗೊತ್ತಾಗುವವರೂ ಇದ್ದಾರೆ. ಮಗುವಿನ ಪ್ರಶ್ನಾವಳಿ ತುಂಬುತ್ತಾ "ಇದು ನಾನೇ ಅಲ್ವಾ" ಅಂತ ನಿಲ್ಲುವ ಅಪ್ಪಂದಿರು ಕಡಿಮೆ ಇಲ್ಲ. ರೀಜನಲ್ ಸೆಂಟರ್ ದೊಡ್ಡವರನ್ನೂ ನೋಡುತ್ತದೆ, ಆದರೆ 18ಕ್ಕೆ ಮೊದಲೇ ತೊಂದರೆ ಇತ್ತು ಅನ್ನಲು ಪುರಾವೆ ಬೇಕು. ಊರಿನ ಶಾಲೆಯ ಮಾರ್ಕ್ಸ್ ಕಾರ್ಡ್, ಮೇಷ್ಟ್ರ ಷರಾ, ಅಮ್ಮನ ನೆನಪು ಎಲ್ಲಾ ಕೆಲಸಕ್ಕೆ ಬರುತ್ತದೆ. ಕೆಲಸದಲ್ಲಿ ಇರುವವರಿಗೆ ಆಫೀಸಿನಲ್ಲಿ ಅನುಕೂಲ ಕೇಳಲು ಅಂಗವಿಕಲರ ಹಕ್ಕಿನ 1990ರ ಎಡಿಎ ಕಾಯ್ದೆ ಸಾಕು.

ಎಚ್-1ಬಿಯವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿರುವ ಮಕ್ಕಳ ಅಪ್ಪ ಅಮ್ಮ ಇದನ್ನು ಗೋಡೆಗೆ ಅಂಟಿಸಿಕೊಳ್ಳಿ: 21 ತುಂಬಿದರೆ ಎಚ್-4 ಮುಗಿಯಿತು. ಆಟಿಸಂ ಇದೆ ಅಂತ ವಿನಾಯಿತಿ ಇಲ್ಲ. ಬೇರೆ ಮಕ್ಕಳು ಸ್ಟೂಡೆಂಟ್ ವೀಸಾಗೆ ಬದಲಾಗುತ್ತಾರೆ, ನಮ್ಮ ಎಷ್ಟೋ ಮಕ್ಕಳಿಗೆ ಆ ದಾರಿ ಇಲ್ಲ. ಹದಿನೈದರ ಹೊತ್ತಿಗೇ ಲಾಯರ್ ಜೊತೆ ಕೂತು ಲೆಕ್ಕ ಹಾಕಿ. ವಾಪಸ್ ಹೋಗುವ ಯೋಚನೆ ಇದ್ದರೆ, ಅಲ್ಲಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ 18 ದಾಟಿದವರಿಗೆ ಗಾರ್ಡಿಯನ್ ನೇಮಿಸುವ ವ್ಯವಸ್ಥೆ ಇದೆ.

ಇಲ್ಲೇ ಹುಟ್ಟಿದ ಮಕ್ಕಳಿಗೆ ಬೇರೆ ಥರದ ಎಚ್ಚರ ಬೇಕು. ದೊಡ್ಡವರಾದ ಮೇಲೆ ಎಸ್‌ಎಸ್‌ಐ ಅನ್ನುವ ಸರ್ಕಾರಿ ಮಾಸಿಕ ನೆರವು ಸಿಗಬೇಕಾದರೆ ಅವರ ಹೆಸರಲ್ಲಿ 2,000 ಡಾಲರ್‌ಗಿಂತ ಹೆಚ್ಚು ಆಸ್ತಿ ಇರಬಾರದು. ಊರಲ್ಲಿ ತಾತ ಮೊಮ್ಮಗನ ಮೇಲಿನ ಅಕ್ಕರೆಯಿಂದ ಹಾಸನದ ಸೈಟನ್ನು ಅವನ ಹೆಸರಿಗೆ ಬರೆದರೆ, ಅದೂ ಲೆಕ್ಕಕ್ಕೆ ಬರಬಹುದು. ಈ ತೊಡಕು ತಪ್ಪಿಸಲು ಉಳಿತಾಯಕ್ಕೆ ಕ್ಯಾಲ್‌ಏಬಲ್ ಖಾತೆ ಇದೆ, ಆಸ್ತಿಗೆ ಸ್ಪೆಷಲ್ ನೀಡ್ಸ್ ಟ್ರಸ್ಟ್ ಇದೆ. ತಾತ ಉಯಿಲು ಬರೆಸುವ ಮೊದಲೇ ಅವರಿಗೆ ಇದನ್ನು ಹೇಳಿ.