ಬೀಗ ಹಾಕಿದ ವರ್ಡ್ ಫಾರ್ಮಿನಲ್ಲಿ ಬೇಕಾದಷ್ಟೇ ಜಾಗ ತೆರೆಯುವುದು

ಫಾರ್ಮಿಗೆ ಬೀಗ ಹಾಕಿ ಕಳಿಸಿದರೆ ಭರ್ತಿ ಮಾಡುವವರ ದೂರು ಹೆಚ್ಚುಕಮ್ಮಿ ಒಂದೇ ಬಗೆಯದು: ಟೇಬಲ್‌ಗೆ ಇನ್ನೊಂದು ಸಾಲು ಸೇರುತ್ತಿಲ್ಲ, ಚಿತ್ರ ಅಂಟುತ್ತಿಲ್ಲ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ 'ಫಿಲ್ಲಿಂಗ್ ಇನ್ ಫಾರ್ಮ್ಸ್' ನಿರ್ಬಂಧ ಹಾಕಿದರೆ ಭರ್ತಿಗೆಂದು ಇಟ್ಟ ಫೀಲ್ಡ್‌ಗಳನ್ನು ಬಿಟ್ಟು ಬೇರೆಲ್ಲೂ ಕೈಯಾಡಿಸಲು ಬಿಡುವುದಿಲ್ಲ. 'ಲೆಗಸಿ' ಎನ್ನುವ ಹಳೆಯ ಬಗೆಯ ಫೀಲ್ಡ್‌ಗಳಲ್ಲಿ ಕಾಗುಣಿತ ತಪಾಸಣೆಯೂ ನಡೆಯುವುದಿಲ್ಲ. ಅದಕ್ಕಾಗಿ ಪೂರ್ತಿ ಬೀಗ ತೆಗೆದುಬಿಟ್ಟರೆ ಷರತ್ತುಗಳ ಸಾಲನ್ನೇ ಯಾರಾದರೂ ಅಳಿಸಬಹುದು. ನಾನು ತೊಡಕಿನ ಭಾಗವನ್ನಷ್ಟೇ ಬೇರೆ ಸೆಕ್ಷನ್ (ದಾಖಲೆಯ ಪ್ರತ್ಯೇಕ ವಿಭಾಗ) ಮಾಡಿ ಬೀಗವಿಲ್ಲದೆ ಬಿಡುತ್ತೇನೆ.

ಮೊದಲು ರಿವ್ಯೂ ಟ್ಯಾಬ್‌ನ ರಿಸ್ಟ್ರಿಕ್ಟ್ ಎಡಿಟಿಂಗ್‌ಗೆ ಹೋಗಿ ನಿರ್ಬಂಧ ನಿಲ್ಲಿಸಬೇಕು. ಆ ಭಾಗದ ಮೇಲೊಂದು, ಕೆಳಗೊಂದು ಕಂಟಿನ್ಯೂಯಸ್ ಸೆಕ್ಷನ್ ಬ್ರೇಕ್ (ಹೊಸ ಪುಟಕ್ಕೆ ಹೋಗದೆ ಸೆಕ್ಷನ್ ಬೇರ್ಪಡಿಸುವ ಗುರುತು) ಹಾಕಬೇಕು. ಇದು ಲೇಔಟ್ ಟ್ಯಾಬ್‌ನ ಬ್ರೇಕ್ಸ್‌ನಲ್ಲಿದೆ. ಬ್ರೇಕ್ ಟೇಬಲ್‌ನ ಒಳಗೆ ಬಿದ್ದರೆ ಟೇಬಲ್ ಎರಡು ತುಂಡಾಗುತ್ತದೆ. ಹಾಗಾಗಿ ಟೇಬಲ್‌ನ ಹಿಂದೆ ಮುಂದೆ ಒಂದೊಂದು ಖಾಲಿ ಪ್ಯಾರಾ ಇರಲಿ, ಬ್ರೇಕ್ ಅಲ್ಲಿ ಕೂರಲಿ. ಮತ್ತೆ ರಿಸ್ಟ್ರಿಕ್ಟ್ ಎಡಿಟಿಂಗ್‌ಗೆ ಬಂದು ಫಿಲ್ಲಿಂಗ್ ಇನ್ ಫಾರ್ಮ್ಸ್ ಆರಿಸಿದಾಗ 'ಸೆಲೆಕ್ಟ್ ಸೆಕ್ಷನ್ಸ್' ಎಂಬ ಲಿಂಕ್ ಕಾಣುತ್ತದೆ. ದಾಖಲೆಯಲ್ಲಿ ಒಂದೇ ಸೆಕ್ಷನ್ ಇದ್ದರೆ ಅದು ಕಾಣಿಸುವುದೇ ಇಲ್ಲ. ಅದರಲ್ಲಿ ಸೆಕ್ಷನ್ 2ರ ಟಿಕ್ ತೆಗೆದು ನಿರ್ಬಂಧ ಶುರು ಮಾಡಿದರೆ, ನಡುವಿನ ಟೇಬಲ್ ಸಾಮಾನ್ಯ ದಾಖಲೆಯಂತೆ ನಡೆಯುತ್ತದೆ. ತಿದ್ದಿದ್ದನ್ನೆಲ್ಲ ಗುರುತಿಸಿಡುವ ಟ್ರ್ಯಾಕ್ ಚೇಂಜಸ್ ಮಾತ್ರ ಆಗಲೂ ಸಿಗದು.

ಹೆಚ್ಚು ಎಚ್ಚರ ಬೇಕಾಗಿರುವುದು ಈಗಾಗಲೇ ಭರ್ತಿಯಾದ ಪ್ರತಿಯಲ್ಲಿ. ಮ್ಯಾಕ್ರೋದಿಂದ (ವರ್ಡ್ ಒಳಗೆ ಓಡುವ ಚಿಕ್ಕ ಪ್ರೋಗ್ರಾಂ) ಬೀಗ ತೆಗೆದು, ತಿದ್ದಿ, 'ಪ್ರೊಟೆಕ್ಟ್' ಎಂಬ ಆದೇಶದಿಂದ ಮತ್ತೆ ಹಾಕುವಾಗ ಅದರ 'ನೋರೀಸೆಟ್' ಎಂಬ ಆಯ್ಕೆಗೆ 'ಟ್ರೂ' ಎಂದು ಕೊಡಲೇಬೇಕು. ಕೊಡದಿದ್ದರೆ ಅದು 'ಫಾಲ್ಸ್' ಎಂದೇ ಲೆಕ್ಕ, ಲೆಗಸಿ ಫೀಲ್ಡ್‌ಗಳೆಲ್ಲ ತುಂಬುವ ಮೊದಲಿದ್ದ ಮೂಲ ಸ್ಥಿತಿಗೆ ಮರಳುತ್ತವೆ. ಬೇರೆಯವರು ಕೂತು ತುಂಬಿದ ಉತ್ತರಗಳು ಒಂದೇ ಗಳಿಗೆಯಲ್ಲಿ ಹೋಗುತ್ತವೆ. ಆದ್ದರಿಂದ ನಕಲು ಪ್ರತಿ ಇಡದೆ ಈ ಕೆಲಸಕ್ಕೆ ಕೈಹಾಕಬಾರದು.

ಹೊಸದಾಗಿ ಮಾಡುವ ಫಾರ್ಮಿಗೆ ಲೆಗಸಿ ಫೀಲ್ಡ್ ಬೇಡವೇ ಬೇಡ. ಹೊಸ ಬಗೆಯ ಭರ್ತಿ ಪೆಟ್ಟಿಗೆಯಾದ ಕಂಟೆಂಟ್ ಕಂಟ್ರೋಲ್ ಬಳಸಿ. ಈ ಅಳಿಸಿಹೋಗುವ ಕಾಟ ಅದಕ್ಕಿಲ್ಲ, ಚಿತ್ರಕ್ಕೆ ಪಿಕ್ಚರ್ ಕಂಟ್ರೋಲ್ ಇದೆ. ಪ್ರಾಪರ್ಟೀಸ್‌ನಲ್ಲಿ 'ಕಂಟೆಂಟ್ ಕಂಟ್ರೋಲ್ ಕೆನಾಟ್ ಬಿ ಡಿಲೀಟೆಡ್' ಟಿಕ್ ಮಾಡಿದರೆ ಬರೆಯಬಹುದು, ಪೆಟ್ಟಿಗೆಯನ್ನು ಅಳಿಸಲಾಗದು. ಅದರ ಕೆಳಗಿನ ಟಿಕ್ ಬೇರೆ: ಅದನ್ನು ಹಾಕಿದರೆ ಬರೆಯುವುದೇ ನಿಂತುಹೋಗುತ್ತದೆ. ಫಾರ್ಮ್ ತುಂಬಲಾಗುತ್ತಿಲ್ಲ ಎಂದು ಬರುವ ದೂರಿಗೆ ಮೊದಲು ನೋಡಬೇಕಾದ ಜಾಗ ಇದೇ.

ಬೇರೆಯವರ ಫಾರ್ಮಾದರೆ ಪಾಸ್‌ವರ್ಡನ್ನು ಅವರಲ್ಲೇ ಕೇಳಿ. ನಿಮ್ಮದೇ ಫಾರ್ಮಿನ ಪಾಸ್‌ವರ್ಡ್ ಮರೆತಿದ್ದರೆ ಹೊಸ ದಾಖಲೆ ತೆರೆದು, ಇನ್ಸರ್ಟ್ ಟ್ಯಾಬ್‌ನ ಆಬ್ಜೆಕ್ಟ್ ಕೆಳಗಿನ 'ಟೆಕ್ಸ್ಟ್ ಫ್ರಮ್ ಫೈಲ್' ಮೂಲಕ ಹಳೆಯದನ್ನು ತನ್ನಿ. ಪಠ್ಯವೂ ಫೀಲ್ಡ್‌ಗಳೂ ಬರುತ್ತವೆ, ನಿರ್ಬಂಧ ಬರುವುದಿಲ್ಲ. ಕೊನೆಯ ಸೆಕ್ಷನ್‌ನ ಅಂಚು, ಹೆಡರ್, ಫುಟರ್ ಮಾತ್ರ ಮೂಲದೊಂದಿಗೆ ಹೋಲಿಸಿ ಸರಿಪಡಿಸಿಕೊಳ್ಳಬೇಕು. ಇಷ್ಟು ಸುಲಭವಾಗಿ ಕಳಚುವ ಈ ಬೀಗ ಕೈತಪ್ಪಿ ಆಗುವ ತಿದ್ದುಪಡಿಯನ್ನು ತಡೆಯುತ್ತದೆ, ಅಷ್ಟೇ. ಗುಟ್ಟಾಗಿಡಬೇಕಾದ ವಿವರ ಇರುವ ದಾಖಲೆಗೆ ಫೈಲ್ ಮೆನುವಿನ 'ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್' ಬೇಕು.